ಫರಸಿಯಲ್ಲಿ ಇಳಿದ ಇಂದ್ರಕ್ಕ

ನಮ್ಮೂರಲ್ಲಿ ಒಳ್ಳೆಯ ಚಪ್ಪಲಿ ಮೆಟ್ಟುವವರು ಯಾರೂ ಇಲ್ಲ. ಸಾಹುಕಾರನಿಂದ ಹಿಡಿದು ಹಮಾಲರ ತನಕ ಎಲ್ಲರದೂ ಹವಾಯಿ ಚಪ್ಪಲಿ. ಫೋನು ನೋಡುತ್ತ ನಿಂತರೆ ಕಾಲು ನೆಲದೊಳಗೆ ಇಳಿಯುತ್ತದೆ, ಆಮೇಲೆ ಕಾಲು ಮೇಲೆ ಬಂದರೂ ಚಪ್ಪಲಿ ಬರುವುದಿಲ್ಲ. ಮಣ್ಣಿರಲಿ, ಡಾಂಬರಿರಲಿ, ಫರಸಿಕಲ್ಲಿರಲಿ, ನಾದಿದ ಹಿಟ್ಟಿನಂತೆ ದಾರಿ ಬಿಡುತ್ತದೆ. ಸ್ವಲ್ಪ ಹೊತ್ತು ನೋಡಿದರೆ ಹಿಮ್ಮಡ, ಇನ್ನಷ್ಟು ನೋಡಿದರೆ ಮೊಣಕಾಲು. ಮಂದಿ ಇದಕ್ಕೆ ಹೊಂದಿಕೊಂಡ ರೀತಿ ನೋಡಿದರೆ ನನಗೆ ಮೈ ಉರಿಯುತ್ತದೆ. ಬಸ್ ನಿಲ್ದಾಣದಲ್ಲಿ ನಿಂತವರು ಒಬ್ಬರಿಗಿಂತ ಒಬ್ಬರು ಗಿಡ್ಡ. ಮದುವೆಯಲ್ಲಿ ಮದುಮಗ ಅಕ್ಷತೆಗೆ ಮುಂಚೆಯೇ ಮೊಣಕಾಲ ತನಕ ಇಳಿದಿದ್ದರೆ, ಹುಡುಗಿಗೆ ಹಾರ ಹಾಕಲು ಹಗುರಾಯಿತು ಎಂದು ಬೀಗರು ನಗುತ್ತಾರೆ. ಪುರಸಭೆಯವರು ಆಗಾಗ ಬಂದು ತಗ್ಗು ಮುಚ್ಚುತ್ತಾರೆ, ಮುಚ್ಚುವವರೇ ಅಲ್ಲಿ ನಿಂತು ಫೋನು ತೆಗೆಯುತ್ತಾರೆ. ಯಾರಿಗೂ ನಾಚಿಕೆ ಇಲ್ಲ. ಯಾರಿಗೂ ಸಿಟ್ಟು ಇಲ್ಲ. ಊರಿನ ಪಾಲಿನ ಸಿಟ್ಟೆಲ್ಲ ನನಗೇ ಬಂದಿದೆಯೋ ಏನೋ.

ನಾನು ಫಕೀರಪ್ಪ. ಬಸ್ ನಿಲ್ದಾಣದ ಎದುರಿನ ಪಂಕ್ಚರ್ ಅಂಗಡಿಯಲ್ಲಿ ಕೆಲಸ. ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟೆ, ಬಿಟ್ಟಿದ್ದೂ ಇದೇ ಕಾರಣಕ್ಕೆ. ಗಣಿತದ ಮಾಸ್ತರರು ಲೆಕ್ಕ ಕೊಟ್ಟು, ಮೇಜಿನ ಮರೆಯಲ್ಲಿ ಫೋನು ನೋಡುತ್ತ ತೊಡೆಯ ತನಕ ಇಳಿದುಬಿಟ್ಟಿದ್ದರು. ಇಡೀ ವರ್ಗ ಸುಮ್ಮನೆ ನೋಡುತ್ತಿತ್ತು. ನಾನು ಎದ್ದು, “ಸರ್, ಮುಳಗಾಕತ್ತೀರಿ” ಅಂದೆ. ಅವರು ನನ್ನನ್ನು ಹತ್ತಿರ ಕರೆದು ಕೆನ್ನೆಗೆ ಬಾರಿಸಿದರು. ಅವರಿಗೆ ಎಟಕಲೆಂದು ನಾನೇ ಬಗ್ಗಬೇಕಾಯಿತು. ಹೊಡೆತಕ್ಕಿಂತ ಆ ಬಗ್ಗಿದ್ದು ನನಗೆ ಹೆಚ್ಚು ನೋವಾಯಿತು. ಮರುದಿನ ಹೋಗಲಿಲ್ಲ. ನನ್ನ ಫೋನು ಗುಂಡಿ ಒತ್ತುವ ಹಳೆಯ ಫೋನು, ಅದರಲ್ಲಿ ಬರೀ ಮಾತಾಡಬಹುದು. ಈ ಊರಲ್ಲಿ ಒಂದು ಬೆರಳೂ ಇಳಿಯದವನು ನಾನೊಬ್ಬನೇ ಎಂದು ಎದೆ ಉಬ್ಬಿಸಿ ತಿರುಗುತ್ತಿದ್ದೆ.

ಇಳಿದವರನ್ನು ಎಳೆದು ತೆಗೆಯಲು ಬರುವುದಿಲ್ಲ. ಒಮ್ಮೆ ಒಬ್ಬ ಕಂಡಕ್ಟರ್ ನಮ್ಮ ಅಂಗಡಿಯ ಮುಂದೆಯೇ ಇಳಿದಾಗ ನಾನು ಲಾರಿ ಎತ್ತುವ ಜಾಕ್ ಹಚ್ಚಿ ಎತ್ತಿದೆ. ಬಂದ, ಆದರೆ ನೆಲವನ್ನೂ ಕಾಲಿಗೆ ಕಟ್ಟಿಕೊಂಡು ಬಂದ. ಬಹಳ ದಿನ ಎರಡು ಬೀಸುಕಲ್ಲು ಹೊತ್ತವನಂತೆ ಬಸ್ಸಿನಲ್ಲಿ ಟಿಕೆಟ್ ಹರಿದ. ಕೈಯಿಂದ ಫೋನು ಕಿತ್ತುಕೊಂಡರಂತೂ ಮುಗಿಯಿತು, ನೆಲ ಆ ಕ್ಷಣಕ್ಕೇ ಗಟ್ಟಿಯಾಗುತ್ತದೆ. ಉಳ್ಳಾಗಡ್ಡಿ ಮಾರುವ ಗದಿಗೆಪ್ಪನಿಗೆ ಹಾಗೇ ಆಯಿತು. ಅವನ ಹೆಂಡತಿ ಸಿಟ್ಟಿಗೆದ್ದು ಫೋನು ಕಸಿದು ಬೀಸಿ ಒಗೆದಳು. ಅವತ್ತಿನಿಂದ ಅವನು ಸಂತೆಪೇಟೆಯ ಮೂಲೆಯಲ್ಲಿ ಎದೆಮಟ್ಟ ನೆಟ್ಟವನು ನೆಟ್ಟಂತೆಯೇ ಇದ್ದಾನೆ. ಅಲ್ಲಿಂದಲೇ ತಕ್ಕಡಿ ಹಿಡಿಯುತ್ತಾನೆ, ಗಿರಾಕಿಗಳು ಕುಕ್ಕರಗಾಲಲ್ಲಿ ಕುಳಿತು ಚೌಕಾಸಿ ಮಾಡುತ್ತಾರೆ, ಹೆಂಡತಿ ಬಿಸಿಲಿಗೆ ಕೊಡೆ ಹಿಡಿದು ನಿಲ್ಲುತ್ತಾಳೆ. ಎದೆ ದಾಟಿ ಇಳಿದವರು ಮೇಲೆ ಬಂದದ್ದನ್ನು ನಮ್ಮೂರಲ್ಲಿ ಯಾರೂ ನೋಡಿಲ್ಲ.

ಅದಕ್ಕೆ ಮುಂಚೆ ಮಾಡುವುದು ಒಂದೇ, ಮಾತಿಗೆ ಕೂಡುವುದು. ಒಬ್ಬರು ಮೊಣಕಾಲು ದಾಟಿ ಇಳಿದರೆಂದರೆ ಅವರ ಕಡೆಯವರು ಬಂದು ಸುತ್ತ ನೆಲದ ಮೇಲೆ ಕೂತು ಮಾತಾಡುತ್ತಾರೆ. ಎಮ್ಮೆ ಕರು ಹಾಕಿದ್ದು, ಯಾರದೋ ಮಗಳು ಮುನಿಸಿಕೊಂಡು ಬಂದದ್ದು, ಏನಾದರೂ ಆದೀತು. ಎದುರಿನವರು ತಾವಾಗಿ ಫೋನು ಕೆಳಗಿಟ್ಟು ಮಾತಿಗೆ ಮಾತು ಕೊಟ್ಟರೆ ನೆಲ ಸಡಿಲಾಗಿ ಅವರನ್ನು ಮೇಲೆ ಬಿಡುತ್ತದೆ. ನೇಮ ಒಂದೇ. ಬೈಯಬಾರದು, ಫೋನಿನ ಸುದ್ದಿ ಎತ್ತಬಾರದು. ಬೈದರೆ ಇನ್ನೊಂದು ಬೆರಳು ಇಳಿಯುತ್ತಾರೆ. ನನ್ನನ್ನು ಯಾರೂ ಮಾತಿಗೆ ಕರೆಯುವುದಿಲ್ಲ. ಒಬ್ಬ ಗೆಳೆಯನಿಗಾಗಿ ಕೂತಿದ್ದೆ, ನಾನು ಎದ್ದು ಬರುವಾಗ ಮೊಣಕಾಲಿನಲ್ಲಿದ್ದವನು ತೊಡೆಗೆ ಇಳಿದಿದ್ದ. ಅವನ ತಾಯಿ ಕಸಬರಿಗೆ ತೋರಿಸಿ ನನ್ನನ್ನು ಹೊರಗೆ ಹಾಕಿದಳು.

ಇಂಥ ನನ್ನ ಮನೆಯಲ್ಲೇ ನನ್ನ ಅಕ್ಕ ಇಳಿಯತೊಡಗಿದಳು.

ಅಕ್ಕನ ಹೆಸರು ಇಂದ್ರವ್ವ. ಅವ್ವ ಅಪ್ಪ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಕೌದಿ ಹೊಲಿಯುತ್ತಾಳೆ. ಹಳೆಯ ಸೀರೆ, ಧೋತರ, ಕುಪ್ಪಸದ ಚೂರುಗಳನ್ನು ಅವಳು ಜೋಡಿಸಿದರೆ ಅದನ್ನು ಹೊದ್ದುಕೊಳ್ಳಲು ಮನಸ್ಸಾಗುವುದಿಲ್ಲ, ಗೋಡೆಗೆ ತೂಗುಹಾಕಿ ನೋಡುತ್ತ ಕೂರಬೇಕು. ಅವಳ ಮೇಲ್ತುಟಿಯಿಂದ ಎಡಗೆನ್ನೆಗೆ ಹರಿದಂತೆ ಬಿಳಿ ಕಲೆಯಿದೆ. ತೊನ್ನು. ನೋಡಲು ಬಂದ ಗಂಡಿನವರೆಲ್ಲ ಚಹಾ ಕುಡಿದು, ಆಮೇಲೆ ತಿಳಿಸುತ್ತೇವೆ ಎಂದು ಹೋದರು. ಅವಳು ಅದಕ್ಕಾಗಿ ಅತ್ತದ್ದನ್ನು ನಾನು ನೋಡಿಲ್ಲ. ಪಕ್ಕದ ಮನೆಯ ಕಾಶವ್ವಾಯಿಯ ಮೊಮ್ಮಗಳು, “ಯಕ್ಕಾ, ನಿನ್ನ ಕೌದಿ ಮಂದಿಗೆ ತೋರ್ಸು” ಎಂದು ಹೇಳಿ ಫೋನು ಕೊಡಿಸಿ, ವಿಡಿಯೋ ಹಾಕುವುದು ಕಲಿಸಿ ಗಂಡನ ಮನೆಗೆ ಹೋದಳು. ಮೊದಮೊದಲು ಅಕ್ಕ ಹಿಗ್ಗಿ ಹೀರೇಕಾಯಿಯಾದಳು. ಯಾರೋ ಕಾಣದ ಊರಿನವರು ಚಂದ ಅಂದರಂತೆ, ನಮ್ಮಜ್ಜಿಯೂ ಹೀಗೇ ಹೊಲಿಯುತ್ತಿದ್ದಳು ಅಂದರಂತೆ. ಆಮೇಲೆ ಹಿಗ್ಗು ಹೋಯಿತು, ನೋಡುವುದು ಮಾತ್ರ ಉಳಿಯಿತು. ಸೂಜಿಗೆ ದಾರ ಪೋಣಿಸಿ ಫೋನು ನೋಡುವಳು, ಒಂದು ಹೊಲಿಗೆ ಹಾಕಿ ಫೋನು ನೋಡುವಳು. ಕಿಟಕಿಯ ಪಕ್ಕದ ಫರಸಿಯಲ್ಲಿ ಅವಳ ಹೆಜ್ಜೆಗಳು ಬಟ್ಟಲಿನಂತೆ ಕಾಣಿಸತೊಡಗಿದವು.

ಕಮ್ಮಿ ಮಾಡಬೇಕೆಂದು ಅವಳಿಗೇ ಇತ್ತು. ಅದಕ್ಕೇ ನನಗೆ ಇನ್ನೂ ಹೊಟ್ಟೆ ಉರಿಯುತ್ತಿತ್ತು. ಕುಕ್ಕರಿನ ಸೀಟಿ ಆಗುವ ತನಕ ಮಾತ್ರ ನೋಡುತ್ತೇನೆ ಅಂದಳು. ನಾವು ಇಬ್ಬರೇ, ಆದರೆ ಮನೆಯಲ್ಲಿ ದಿನವಿಡೀ ಬೇಳೆ ಬೇಯತೊಡಗಿತು. ಒರಳಕಲ್ಲಿನ ಮೇಲೆ ನಿಂತು ನೋಡಿದರೆ ಇಳಿಯಲಿಕ್ಕಿಲ್ಲ ಅಂದಳು. ಒರಳೇ ಇಳಿಯಿತು. ಕೊನೆಗೆ ಫೋನನ್ನು ಕಾಶವ್ವಾಯಿಗೆ ಕೊಟ್ಟು, “ನಾ ಕೇಳಿದ್ರೂ ಕೊಡಬ್ಯಾಡ” ಅಂದಳು. ಆಯಿ ಅದನ್ನು ಜೋಳದ ಡಬ್ಬಿಯಲ್ಲಿ ಹುಗಿದಿಟ್ಟಳು. ಅಕ್ಕ ಜೋಳ ಕಡ ಕೇಳಲು ಹೋದಳು. ಮತ್ತೆ ಹೋದಳು. ಒಂದು ದಿನ ಕಾಶವ್ವಾಯಿ ನಮ್ಮ ಬಾಗಿಲಿಗೆ ಬಂದು, “ಏ ಫಕೀರ್ಯಾ, ನಿಮ್ಮಕ್ಕನ ಸಲುವಾಗಿ ನಮ್ಮ ಅಡಗಿ ಮನಿ ತಳಾ ಬಿಟ್ಟೈತಿ. ಡಬ್ಬಿ ಮುಂದ ನಿಂತು ನಿಂತು ಕಾಳು ತುಂಬೂ ಹಗೇವಿನೇ ಮಾಡ್ಯಾಳ. ತಗೋ ನಿಮ್ಮ ಸಾಮಾನು” ಎಂದು ಫೋನು ಕೊಟ್ಟು ಹೋದಳು. ಅದು ಮತ್ತೆ ಅಕ್ಕನ ಕೈ ಸೇರಿತು.

ಅವತ್ತು ಮಧ್ಯಾಹ್ನ ನಾನು ಊಟಕ್ಕೆ ಬಂದಾಗ ಅಕ್ಕ ಕಿಟಕಿಯ ಪಕ್ಕ ನಡುವಿನ ತನಕ ಇಳಿದಿದ್ದಳು. ಹೊಲಿಯುತ್ತಿದ್ದ ಕೌದಿ ಸುತ್ತಲೂ ಹರಡಿ, ಅದರ ನಡುವೆ ಅವಳು ಬೆಳೆದು ನಿಂತ ಹಾಗೆ ಕಾಣುತ್ತಿದ್ದಳು. ಒಂದು ಕೈಯಲ್ಲಿ ಸೂಜಿ, ಇನ್ನೊಂದರಲ್ಲಿ ಫೋನು. ಗದಿಗೆಪ್ಪನೂ ಒಂದು ಕಾಲಕ್ಕೆ ನಡುವಿನ ತನಕವೇ ಇದ್ದ. ಓಡಿಹೋಗಿ ಕಾಶವ್ವಾಯಿಯನ್ನು ಕರೆತಂದೆ. ಅವಳು ನಾಲ್ಕಾರು ಹೆಂಗಸರನ್ನು ಕೂಡಿಸಿಕೊಂಡು, ಮೊರದ ತುಂಬ ಶೇಂಗಾ ಹಿಡಿದು ಬಂದಳು. ಸುಲಿಯುತ್ತ ಮಾತಿಗೆ ಕೂತರು.

“ಇಂದ್ರವ್ವಾ, ಮೂಲಿಮನಿ ಗೌರವ್ವನ ಸೊಸಿ ನೋಡಿದೇನ? ರೊಟ್ಟಿ ಬಡಿಯಾಕ ಬರಂಗಿಲ್ಲಂತ ಚಪಾತಿನ ದಪ್ಪ ಲಟ್ಟಿಸಿ, ಇದು ರೊಟ್ಟಿ ಅಂತ ಕೊಟ್ಟಾಳ.”

“ಹೂಂ.”

“ಮಾವ ಏನ್ ಅಂದ ಗೊತ್ತೈತೇನ? ಹಲ್ಲಿಲ್ಲದ ನನಗ ದೇವರಾ ಕಳಿಸಿದ ಸೊಸಿ ಅಂದಾನ.”

ಎಲ್ಲರೂ ನಕ್ಕರು. ಅಕ್ಕ ಮತ್ತೆ “ಹೂಂ” ಅಂದಳು. ಕಣ್ಣು ಮೇಲೆ ಬರಲಿಲ್ಲ. ಶೇಂಗಾ ಸಿಪ್ಪೆ ಗುಡ್ಡೆಯಾಯಿತು, ಅಕ್ಕ ಕೂದಲೆಳೆಯಷ್ಟೂ ಏರಲಿಲ್ಲ. ಬಾಗಿಲಲ್ಲಿ ನಿಂತ ನಾನು ಹಲ್ಲು ಕಚ್ಚಿಕೊಂಡಿದ್ದೆ, ಎಷ್ಟು ಹೊತ್ತು ಕಚ್ಚಲಿ?

“ಅದರಾಗ ಏನ್ ಹೆಣ ಐತಿ ಅಂತ ನೋಡ್ತೀ?” ಎಂದು ಒದರಿದೆ. “ನಾ ಯಾರಿಗಿ ಅಕ್ಕಾ ಅನ್ಲಿ, ಆ ಗಾಜಿಗೇನ? ಹೋಗು, ಹೋಗಿ ಗದಿಗೆಪ್ಪನ ಬಾಜೂಕ ನೆಟ್ಟುಕೊ!”

ಫರಸಿ ಗುಳುಕ್ ಅಂದಿತು. ಅಕ್ಕ ನಡುವಿನಿಂದ ಪಕ್ಕೆಲುಬಿಗೆ ಇಳಿದಳು. ಒಂದು ಬೆರಳಲ್ಲ, ಇಡೀ ಗೇಣು. ನನ್ನ ಬೈಗುಳಕ್ಕೆ ಅಷ್ಟು ತೂಕ. ಕಾಶವ್ವಾಯಿ ಶೇಂಗಾ ಮೊರ ಎತ್ತಿ ನನ್ನ ಮೇಲೆ ಬೀಸಿದಳು. “ನಡೀ ಹೊರಗ! ನಾವ್ ಹೊತ್ತ್ ಮುಳುಗೂ ತನಾ ಕುಂತು ಎಬ್ಬಸೂದು, ನೀ ಒಂದ್ ಮಾತಿಗೆ ಹುಗಿಯೂದು. ಅಕ್ಕ ಬೇಕೋ ಬ್ಯಾಡೋ ನಿನಗ?”

ಹೊರಗೆ ಬಂದೆ. ಕಾಲು ಎಳೆದತ್ತ ಹೋಗಿ ಮುಕ್ತುಂಸಾಬರ ಚಹಾದ ಅಂಗಡಿಯಲ್ಲಿ ಕೂತೆ. ಅಲ್ಲಿ ಗಿರಾಕಿಗಳು ಇಳಿಯದಿರಲೆಂದು ಕಬ್ಬಿಣದ ತಗಡು ಹಾಸಿದ್ದಾರೆ, ಅದೂ ಈಗ ಹಪ್ಪಳದ ಹಾಗೆ ಉಬ್ಬುತಗ್ಗಾಗಿದೆ. ಮುಕ್ತುಂಸಾಬರು ಕೇಳದೆಯೇ ಚಹಾ ಇಟ್ಟರು. ನಾನು ಎಲ್ಲ ಹೇಳಿದೆ, ಹೇಳುತ್ತ ಹೇಳುತ್ತ ಮತ್ತೆ ಸಿಟ್ಟಿಗೆದ್ದು ಊರನ್ನೆಲ್ಲ ಬೈದೆ.

“ಖರೇನ ಒಂದ್ ಕೇಳ್ಲೇನ?” ಅಂದರು. “ನಿಮ್ಮಕ್ಕ ಏನ್ ನೋಡ್ತಾಳ?”

“ಫೋನ್ ನೋಡ್ತಾಳ.”

“ಅದು ನನಗೂ ಗೊತ್ತೈತೆಪಾ. ಫೋನ್‌ನ್ಯಾಗ ಏನ್ ನೋಡ್ತಾಳ?”

ನನಗೆ ಗೊತ್ತಿರಲಿಲ್ಲ. ನೇಮ ಇದೆಯಲ್ಲ, ಫೋನಿನ ಸುದ್ದಿ ಎತ್ತಬಾರದು. ಹಾಗಾಗಿ ಈ ಊರಲ್ಲಿ ಇಳಿದವರೆಲ್ಲ ಏನು ನೋಡುತ್ತ ಇಳಿದರು ಎಂದು ಯಾರೂ ಯಾರನ್ನೂ ಕೇಳಿಲ್ಲ. ಬೈಯುವವರು ಬೈದೆವು, ನಗಿಸುವವರು ನಗಿಸಿದರು. ಮುಕ್ತುಂಸಾಬರು ಲೋಟ ತೊಳೆಯುತ್ತ, “ನಮ್ಮ ಹಿರೇಮಗ ಇಳದಾಗ ನಾನೂ ಕೇಳಲಿಲ್ಲ” ಎಂದಷ್ಟೇ ಅಂದು ಒಳಗೆ ಹೋದರು.

ಅರ್ಧ ಚಹಾ ಬಿಟ್ಟು ಮನೆಗೆ ಓಡಿದೆ. ಹೆಂಗಸರೆಲ್ಲ ತಮ್ಮ ತಮ್ಮ ಮನೆಗೆ ಹೋಗಿದ್ದರು. ಕಾಶವ್ವಾಯಿ ಮಾತ್ರ ಗೋಡೆಗೆ ಒರಗಿ ತೂಕಡಿಸುತ್ತಿದ್ದಳು. ನೆಲ ಅಕ್ಕನ ಎದೆ ಮುಟ್ಟಲು ನಾಲ್ಕು ಬೆರಳು ಇತ್ತೋ ಇಲ್ಲವೋ. ನಾನು ಅವಳ ಎದುರು ಬೋರಲು ಮಲಗಿದೆ, ಮುಖಕ್ಕೆ ಮುಖ ಬರಲೆಂದು. ನಾಲಿಗೆಯ ತುದಿಗೆ ಬೈಗುಳವೇ ಬಂತು. ನುಂಗಿದೆ.

“ಯಕ್ಕಾ, ಏನ್ ನೋಡಾಕತ್ತೀ?”

ಬೆರಳು ನಿಂತಿತು.

“ನನಗೂ ತೋರ್ಸು. ಬೈಯಂಗಿಲ್ಲ. ಅವ್ವನಾಣಿ.”

ಆಮೇಲೆ ತಾನಾಗಿ ಫೋನನ್ನು ನನ್ನ ಕಡೆ ಚಾಚಿದಳು. ಗಾಜಿನಲ್ಲಿ ಅವಳದೇ ವಿಡಿಯೋ ಇತ್ತು. ಕೆಂಪು ಅಂಚಿನ ಕೌದಿ ಹಿಡಿದು ನಗುತ್ತಿದ್ದಾಳೆ. ಅದರ ಕೆಳಗೆ ಮಂದಿ ಬರೆದ ಮಾತುಗಳಲ್ಲಿ ಎಲ್ಲಕ್ಕಿಂತ ಮೇಲೆ ಒಬ್ಬ ಬರೆದಿದ್ದ: “ಕೌದಿ ಚೆನ್ನಾಗಿದೆ. ಮುಖ ತೋರಿಸದೆ ಬರೀ ಕೈ ತೋರಿಸಿದರೆ ನೋಡುವವರಿಗೂ ಒಳ್ಳೆಯದು.” ಹೆಸರಿನ ಪಕ್ಕ ದಾಸವಾಳ ಹೂವಿನ ಚಿತ್ರ. ಅದಕ್ಕೆ ಎಷ್ಟೋ ಜನ ನಗುವ ಮುಖ ಒತ್ತಿದ್ದರು.

“ಚಂದ ಅಂದವರು ಬಾಳ ಮಂದಿ ಅದಾರ” ಅಂದಳು ಅಕ್ಕ. “ಆದ್ರ ಇದು ಮ್ಯಾಲೇ ಇರ್ತೈತಿ. ಯಾರರ ಒಬ್ರು ಅವಂಗ, ಯಾಕೋ ಹಂಗ ಅಂತೀ ಅಂತ ಕೇಳ್ತಾರೇನಂತ ನೋಡಾಕತ್ತೀನಿ. ಬರೇ ಒಂದ್ ಮಾತು. ಈಗ ಬಂದೀತು, ಈಗ ಬಂದೀತು ಅಂತ.”

“ಯಾರೂ ಕೇಳಿಲ್ಲ?”

“ಇಲ್ಲ.”

ಇನ್ನು ನನಗೆ ಸಿಟ್ಟು ಬರದೆ ಇರುತ್ತದೆಯೇ? ಅವಳು ಚಾಚಿದ ಫೋನು ತೆಗೆದುಕೊಂಡು ಎದ್ದು ನಿಂತು, ಆ ದಾಸವಾಳದವನಿಗೆ ನಾನೇ ಬರೆದೆ. ಗಾಜಿನ ಮೇಲೆ ಅಕ್ಷರ ಹುಡುಕುತ್ತ, ಒಂದೊಂದೇ ಒತ್ತುತ್ತ ಬರೆದೆ. “ಆಕಿ ನಮ್ಮಕ್ಕ. ಆಕಿ ಮುಖ ನೋಡಾಕ ಆಗದಿದ್ರ ನಿನ್ನ ಕಣ್ಣಾಗ ಏನ್ ಬಿದ್ದೈತಿ ನೋಡ್ಕೊ.” ಕಳಿಸಿದ ಕೂಡಲೇ ಉತ್ತರ ಬಂತು: “ಅಣ್ಣನಿಗೆ ಕೋಪ ಬಂತು.” ನಾನು ಇನ್ನೊಂದು ಬರೆದೆ. ಇನ್ನೊಬ್ಬ ಬಂದ: “ಶಾಲೆ ಮೆಟ್ಟಿಲು ಹತ್ತಿದ ಹಾಗಿಲ್ಲ.” ಆ ಮಾತು ನೆಟ್ಟಗೆ ನನ್ನ ಕೆನ್ನೆಗೆ ಬಡಿಯಿತು. ಇವನಿಗೆ ಹೇಗೆ ಗೊತ್ತಾಯಿತು? ಬರೆದೆ. ಅವನು ಬರೆದ. ಮೂರನೆಯವನೊಬ್ಬ ನನ್ನ ಕಡೆ ಮಾತಾಡಿದ, ನಾಲ್ಕನೆಯವನು ಅವನನ್ನು ಬೈದ, ನಾನು ಆ ನಾಲ್ಕನೆಯವನನ್ನು ಹಿಡಿದೆ. ಕಾಲು ತಣ್ಣಗಾದ ಹಾಗಾಯಿತು, ಲಕ್ಷ್ಯ ಕೊಡಲಿಲ್ಲ.

“ಫಕೀರ್ಯಾ.”

“ತಡೀ.”

“ಲೇ ಫಕೀರ್ಯಾ, ಸಾಕು ಬಿಡು.”

“ತಡೀ ಯಕ್ಕಾ, ಇನ್ನೊಂದ, ಇವನ್ನೊಬ್ಬನ್ನ ಮುಗಸ್ತೀನಿ.”

ಕಾಶವ್ವಾಯಿ ಎಚ್ಚರಾಗಿ ಬಾಯಿಗೆ ಕೈ ಹಿಡಿದಳಂತೆ. “ಅಯ್ಯ ನನ ಶಿವನ! ಈಗ ಇಬ್ಬರನೂ ನಾನಾ ಎಬ್ಬಸಬೇಕೇನ?” ನನಗೆ ಅದು ಎಲ್ಲಿಯೋ ದೂರದ ಓಣಿಯಲ್ಲಿ ಕೂಗಿದ ಹಾಗೆ ಕೇಳಿಸಿತು. ನಾನು ತೊಡೆಯ ತನಕ ಇಳಿದಿದ್ದೆ. ಎಲ್ಲರನ್ನೂ ಬೈಯುತ್ತಿದ್ದ ನಾನು! ಆಗ ಯಾರಾದರೂ ನನಗೆ ಒಂದು ಮಾತು ಬೈದಿದ್ದರೆ, ನಾನೀಗ ಗದಿಗೆಪ್ಪನ ಜೊತೆಗಾರನಾಗಿರುತ್ತಿದ್ದೆ. ಅಕ್ಕ ಬೈಯಲಿಲ್ಲ. ಕೈ ಚಾಚಿದರೆ ಫೋನು ಎಟಕುತ್ತಿತ್ತು, ಕಸಿಯಲೂ ಇಲ್ಲ.

“ಫಕೀರ್ಯಾ, ಈ ಕೌದಿ ನಟ್ಟನಡುವ ಯಾವ ಅರಿವಿ ಹಚ್ಚಲಿ? ಹಸರದ್ದು ಹಚ್ಚಲೋ, ಅವ್ವನ ಇಳಕಲ್ ಸೀರಿದು ಹಚ್ಚಲೋ?”

“ಹೂಂ.”

“ಹೂಂ ಅಂದ್ರ ಯಾವ್ದೋ?”

“ಯಾವ್ದರ ಹಚ್ಚು.”

“ಮಧ್ಯಾಹ್ನದಾಗ ಉಂಡಿಲ್ಲ ನೀನು. ರೊಟ್ಟಿ ಹಂಗ ಅದಾವು.”

“ಹೂಂ.”

ಅಕ್ಕ ದನಿ ಬದಲಿಸಿ ಕೇಳಿದಳು: “ತಮ್ಮಾ, ನನ್ನ ತುಟಿ ಹೆಂಗ್ ಕಾಣ್ತೈತೋ?”

ಬೆರಳು ಗಾಜಿನ ಮೇಲೆ ನಿಂತುಹೋಯಿತು.

“ಎಂದೂ ಹೇಳಿಲ್ಲ ನೀನು. ಮುಖ ಕೊಟ್ಟು ಮಾತಾಡೂದಿಲ್ಲ ನನ್ನ ಕೂಡ. ಗ್ವಾಡಿ ನೋಡ್ತೀ, ಬಾಗಲಾ ನೋಡ್ತೀ. ನನಗ ಬ್ಯಾಸರ ಆಗಬಾರದಂತ ಹಂಗ ಮಾಡ್ತೀ, ತಿಳೀತೈತಿ ನನಗ. ಇವತ್ತ್ ನೋಡಿ ಹೇಳು.”

ನೋಡಿದೆ. ಅಕ್ಕನನ್ನು ನೇರವಾಗಿ ನೋಡಿ ಎಷ್ಟು ವರ್ಷವಾಗಿತ್ತೋ. ಕಲೆ ನಾನು ತಿಳಿದದ್ದಕ್ಕಿಂತ ದೊಡ್ಡದಾಗಿತ್ತು, ಕಿವಿಯ ಹತ್ತಿರ ಬಂದಿತ್ತು. ಕಣ್ಣ ಸುತ್ತ ಸುಕ್ಕು ಬಂದಿದ್ದವು, ಅವು ಯಾವಾಗ ಬಂದವೋ ನನಗೆ ಗೊತ್ತೇ ಇರಲಿಲ್ಲ. ಸುಳ್ಳು ಹೇಳಬೇಕೆನಿಸಿತು, ಬಾಯಿಗೆ ಬರಲಿಲ್ಲ.

“ಹಾಲು ಕುಡದು ಬಾಯಿ ಒರಸಿಕೊಳ್ಳದವರಂಗ ಕಾಣ್ತೀ” ಅಂದೆ.

ಅಕ್ಕ ಒಂದು ಗಳಿಗೆ ದಿಟ್ಟಿಸಿದಳು. ಆಮೇಲೆ ನಕ್ಕಳು. ಹೇಗೆ ನಕ್ಕಳೆಂದರೆ ಸೂಜಿ ಕೈಯಿಂದ ಜಾರಿತು, ಕಣ್ಣಲ್ಲಿ ನೀರು ಬಂತು. “ಕಳ್ಳಬೆಕ್ಕಿನಂಗ ಅನ್ನು ಮತ್ತ!” ಎಂದು ಇನ್ನೂ ನಕ್ಕಳು. ಕಾಶವ್ವಾಯಿಗೂ ನಗು ತಡೆಯಲಾಗಲಿಲ್ಲ, “ನಿಮ್ಮವ್ವ ಇದ್ದಿದ್ರ ಇಬ್ಬರಿಗೂ ನಾಕ್ ಏಟು ಹಾಕತಿದ್ಲು” ಅಂದಳು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ, ಫೋನನ್ನು ಯಾವಾಗ ಕೆಳಗಿಟ್ಟೆನೋ ನನಗೆ ನೆನಪಿಲ್ಲ. ಅಂಗಾಲಿನ ಕೆಳಗೆ ಫರಸಿ ಗಟ್ಟಿಯಾಗಿ ತಾಗಿತು. ನಾನು ಮೇಲಿದ್ದೆ. ಅಕ್ಕ ಮೊಣಕಾಲ ತನಕ ಬಂದಿದ್ದಳು. ನನ್ನನ್ನು ಮಾತಿಗೆ ಕೂಡಿಸಿದ ಗದ್ದಲದಲ್ಲಿ ತಾನು ಏರಿದ್ದು ಅವಳಿಗೇ ಗೊತ್ತಾಗಿರಲಿಲ್ಲ.

“ಅವನಿಗೆ ಏನ್ ಬರದಿ?” ಎಂದು ಕೇಳಿದಳು.

ಹೇಳಿದೆ. ಮೊದಲನೆಯದನ್ನು, ‘ಆಕಿ ನಮ್ಮಕ್ಕ’ ಎಂದದ್ದನ್ನು, ಇನ್ನೊಮ್ಮೆ ಹೇಳಿಸಿದಳು. “ಸಾಕು” ಅಂದಳು. “ಒಬ್ರರ ಅಂದ್ರಲ್ಲ.” ಒಂದು ಕಾಲನ್ನು ಮೆಲ್ಲಗೆ ಎತ್ತಿ ಫರಸಿಯ ಮೇಲೆ ಇಟ್ಟಳು. ಇನ್ನೊಂದು ಬರಲಿಲ್ಲ. ನೆಲದ ಮೇಲೆ ಫೋನು ಗುಂಯ್ ಎಂದು ನಡುಗಿತು. ಅವಳು ಅದರತ್ತ ನೋಡಿದಳು, ನಾನೂ ನೋಡಿದೆ. ಯಾರೋ ಏನೋ ಅಂದಿದ್ದಾರೆ. ಏನಂದರು ಎಂದು ನನ್ನ ಕೈಯೂ ತುರಿಸಿತು, ಸುಳ್ಳು ಯಾಕೆ ಹೇಳಲಿ.

“ಇನ್ನೊಂದು ಕಾಲು, ಇಂದ್ರವ್ವಾ” ಅಂದಳು ಕಾಶವ್ವಾಯಿ.

“ಇವತ್ತಿಗೆ ಒಂದ್ ಸಾಕಬೇ ಆಯಿ. ಹಸದೈತಿ. ಫಕೀರ್ಯಾ, ತಾಟು ಇಲ್ಲೇ ತಾ.”

ಎಳೆದು ತೆಗೆ ಎಂದು ಒದರಬೇಕೆನಿಸಿತು ನನಗೆ. ಇಷ್ಟು ಬಂದವಳಿಗೆ ಇನ್ನೊಂದು ಕಾಲು ಯಾವ ಲೆಕ್ಕ? ಆದರೆ ಒಳಗೆ ಹೋಗಿ ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ ತಂದೆ. ಅಕ್ಕ ಒಂದು ಕಾಲು ಮಡಚಿ, ಒಂದು ಕಾಲು ನೆಲದೊಳಗೆ ಬಿಟ್ಟು ಕೂತಳು. ನಾನು ಎದುರು ಕೂತೆ. ಕಾಶವ್ವಾಯಿ ತನಗೂ ಅರ್ಧ ರೊಟ್ಟಿ ಮುರಿದುಕೊಂಡಳು. ಗೌರವ್ವನ ಸೊಸೆಯ ಚಪಾತಿಯ ಕಥೆಯನ್ನು ಮತ್ತೆ ಮೊದಲಿನಿಂದ ಹೇಳಿದಳು. ಈ ಸಲ ಅಕ್ಕ ನಡುವೆ ಬಾಯಿ ಹಾಕಿ, “ಆ ಹುಡುಗಿ ತಪ್ಪೇನೈತಿ, ಅವರ ಊರಾಗ ಜ್ವಾಳನ ಬೆಳ್ಯಂಗಿಲ್ಲ” ಎಂದು ಜಗಳಕ್ಕೇ ಬಿದ್ದಳು. ಫೋನು ಇನ್ನೊಮ್ಮೆ ನಡುಗಿತು. ಅಕ್ಕನ ಕಣ್ಣು ಅತ್ತ ಹೋಗಿ, ತಾಟಿಗೆ ವಾಪಸು ಬಂತು. ನಾಳೆ ಅವಳು ಮತ್ತೆ ನೋಡುತ್ತಾಳೆ, ನನಗೆ ಗೊತ್ತು. ನೋಡಲಿ. ನಾಳೆ ನಾನೂ ಪಕ್ಕ ಕೂತು ಏನು ಬಂತು ಎಂದು ಕೇಳುತ್ತೇನೆ.

ಚಟ್ನಿ ಖಾರವಾಗಿತ್ತು. ನನಗೆ ಬಿಕ್ಕಳಿಕೆ ಹತ್ತಿತು. “ನೀರರ ತಂದಿಟ್ಕೊಂಡು ಕುಂಡ್ರಬೇಕಿಲ್ಲೋ ಖೋಡಿ” ಎಂದು ಬೈಯುತ್ತ ಅಕ್ಕ ಎದ್ದು, ಎರಡೂ ಕಾಲಲ್ಲಿ ದಡದಡನೆ ಅಡಿಗೆಮನೆಗೆ ನಡೆದು ತಂಬಿಗೆಗೆ ಕೈ ಹಾಕಿದಳು. ಕಾಶವ್ವಾಯಿ ನನ್ನ ಮುಖ ನೋಡಿದಳು. ನಾನು ಬೆರಳನ್ನು ತುಟಿಯ ಮೇಲೆ ಇಟ್ಟು, ಬಿಕ್ಕಳಿಸುತ್ತಲೇ ಸುಮ್ಮನಿರು ಎಂದು ಸನ್ನೆ ಮಾಡಿದೆ.